ಯೇಸುವಿನ ಶಿಷ್ಯರಾಗಿ ಬಾಳುವುದು: ಓದಿದ್ದನ್ನು ಮಾಡಿ, ಆಮೇಲೆ ಪುಟ ತಿರುಗಿಸಿ

ಕೆಲವು ವರ್ಷಗಳ ಹಿಂದೆ ಒಂದೇ ವರ್ಷದಲ್ಲಿ ಇಡೀ ಸತ್ಯವೇದ, ಅಂದರೆ ಬೈಬಲ್, ಓದಿ ಮುಗಿಸಬೇಕು ಅಂತ ಹಠ ಹಿಡಿದಿದ್ದೆ. 66 ಪುಸ್ತಕ, 1189 ಅಧ್ಯಾಯ, ದಿನಕ್ಕೆ ಮೂರೋ ನಾಲ್ಕೋ. ಎರಡು ಸಲ ಯಾಜಕಕಾಂಡದಲ್ಲೇ ಕಾಲು ಸಿಕ್ಕಿಕೊಂಡಿತು. ಮೂರನೇ ಸಲ ಮುಗಿಸಿದೆ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದೆ, ಎಲ್ಲರೂ ಸ್ತೋತ್ರ ಅಂದರು. ನಾಲ್ಕು ಬೆಂಚು ಹಿಂದೆ ನನ್ನ ತಮ್ಮ ಕೂತಿದ್ದ. ಅವನ ಜೊತೆ ಮಾತು ಬಿಟ್ಟು ಆಗ ಮೂರು ವರ್ಷ ಆಗಿತ್ತು.

ಅಪ್ಪ ಬಿಟ್ಟುಹೋದ ಸೈಟು, ನಡುವಿನ ಕಾಂಪೌಂಡ್ ಗೋಡೆ, ಎರಡು ಅಡಿ ಜಾಗ. ಅಷ್ಟೇ ವಿಷಯ.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಅದು ನಾನೇ. ಶಿಷ್ಯನಾಗಿ ಬಾಳುವುದು ಎಂದರೇನು ಅಂತ ನಾನು ಕಲಿಯಲು ಶುರು ಮಾಡಿದ್ದು ಆಮೇಲೆ. ಈಗ ನಮ್ಮ ಸಭೆಯ ನಾಲ್ಕೈದು ಜನ ವಾರಕ್ಕೊಮ್ಮೆ ಸೇರುತ್ತೇವೆ. ಅಲ್ಲಿ ನಾವು ಮಾಡುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನೀವು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆಗಿರಿ, ಕಥೋಲಿಕರಾಗಿರಿ, ಪೆಂತೆಕೊಸ್ತ್ ಸಭೆಯವರಾಗಿರಿ, ಇದರಲ್ಲಿ ಹೆಚ್ಚಿನದು ನಿಮಗೂ ಒಗ್ಗುತ್ತದೆ.

ಮೊದಲು ಪದವನ್ನು ಸರಿ ಮಾಡಿಕೊಳ್ಳಿ

ಹೊಸ ಒಡಂಬಡಿಕೆಯಲ್ಲಿ 'ಕ್ರೈಸ್ತ' ಎನ್ನುವ ಪದ ಬರುವುದು ಮೂರೇ ಸಲ. ಅಂತಿಯೋಕ್ಯದಲ್ಲಿ ಶಿಷ್ಯರನ್ನು ಮೊದಲ ಬಾರಿ ಹಾಗೆ ಕರೆದರು ಅಂತ ಅಪೊಸ್ತಲರ ಕೃತ್ಯಗಳು 11ರಲ್ಲಿದೆ. 'ಶಿಷ್ಯ' ಎನ್ನುವ ಪದ ಬರುವುದು 250ಕ್ಕೂ ಹೆಚ್ಚು ಸಲ. ಗ್ರೀಕಿನಲ್ಲಿ ಅದು ಮಾಥೆಟೆಸ್, ಅಂದರೆ ಕಲಿಯುವವನು. ಕ್ಲಾಸಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುವವನನ್ನು ನೆನೆಸಿಕೊಳ್ಳಬೇಡಿ. ಗ್ಯಾರೇಜಿನಲ್ಲಿ ಮೇಸ್ತ್ರಿಯ ಪಕ್ಕ ಕೂತು ಸ್ಪ್ಯಾನರ್ ಎತ್ತಿಕೊಡುವ ಹುಡುಗನನ್ನು ನೆನೆಸಿಕೊಳ್ಳಿ. ಅವನು ನೋಡುತ್ತಾನೆ, ಕೈ ಹಾಕುತ್ತಾನೆ, ತಪ್ಪು ಮಾಡುತ್ತಾನೆ, ಬೈಸಿಕೊಳ್ಳುತ್ತಾನೆ, ಮಾರನೇ ದಿನ ಮತ್ತೆ ಬರುತ್ತಾನೆ.

ಮಾರ್ಕ 3:14ರಲ್ಲಿ ಯೇಸು ಹನ್ನೆರಡು ಮಂದಿಯನ್ನು ಯಾಕೆ ಆರಿಸಿಕೊಂಡನು ಅಂತ ಹೇಳಿದೆ. ತನ್ನ ಸಂಗಡ ಇರಲಿಕ್ಕೆ, ಆಮೇಲೆ ಸಾರುವುದಕ್ಕೆ ಕಳುಹಿಸಲಿಕ್ಕೆ. ಮೊದಲು ಸಂಗಡ ಇರುವುದು. ನಮ್ಮಲ್ಲಿ ಬಹಳ ಜನ ಸಂಗಡ ಇರುವುದನ್ನು ಹಾರಿಸಿ ನೇರವಾಗಿ ಮೈಕ್ ಹಿಡಿಯುತ್ತಾರೆ. ನಾನೂ ಹಿಡಿದಿದ್ದೆ.

ಖರ್ಚು ಲೆಕ್ಕ ಹಾಕಿ

ಲೂಕ 14ರಲ್ಲಿ ಒಂದು ಮಾತಿದೆ. ಗೋಪುರ ಕಟ್ಟಬೇಕು ಅಂದುಕೊಂಡವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ, ಪಾಯ ಹಾಕಿ ಬಿಟ್ಟರೆ ನೋಡಿದವರೆಲ್ಲ ನಗುವುದಿಲ್ಲವೇ ಅಂತ ಯೇಸು ಕೇಳುತ್ತಾನೆ. ಜನರ ಗುಂಪು ದೊಡ್ಡದಾಗಿ ಹಿಂದೆ ಬರುತ್ತಿದ್ದಾಗ ಹೇಳಿದ ಮಾತು ಇದು. ಗುಂಪು ಹೆಚ್ಚಾಗಲಿ ಅಂತ ಹೇಳಿದ್ದಂತೂ ಅಲ್ಲ.

ಹಾಗಾಗಿ ಒಂದು ಸಂಜೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ನಾನು ಆತನ ಹಿಂದೆ ನಿಜವಾಗಿ ನಡೆದರೆ ನನ್ನ ಕೈಯಿಂದ ಏನೇನು ಹೋಗಬಹುದು? ದೊಡ್ಡ ದೊಡ್ಡ ತ್ಯಾಗ ಬರೆಯಬೇಡಿ, ಅವು ಬಹುಶಃ ಬರುವುದೇ ಇಲ್ಲ. ಬಿಲ್ ಇಲ್ಲದ ವ್ಯವಹಾರದಲ್ಲಿ ಉಳಿಯುವ ದುಡ್ಡು ಬರೆಯಿರಿ. ಮಗನ ಮದುವೆಯಲ್ಲಿ ಬರಬಹುದಾದ 'ಅವರಾಗಿಯೇ ಕೊಟ್ಟದ್ದು' ಬರೆಯಿರಿ. ಯಾರನ್ನೋ ಆಡಿಕೊಳ್ಳುವಾಗ ಸಿಗುವ ಖುಷಿ ಬರೆಯಿರಿ. ಲೂಕ 9:23ರಲ್ಲಿ ಶಿಲುಬೆ ಹೊರುವ ಮಾತಿಗೆ 'ಪ್ರತಿದಿನ' ಎನ್ನುವ ಪದ ಸೇರಿದೆ. ದಿನಾ ಹೊರಬೇಕಾದದ್ದು ಸಾಮಾನ್ಯವಾಗಿ ಇಂಥದ್ದೇ. ಗಂಡನ ಕುಡಿತ, ಅತ್ತೆಯ ಕಾಟ, ಮೇಲಧಿಕಾರಿಯ ಹಿಂಸೆ ಇವನ್ನೆಲ್ಲ 'ಇದು ನಿನ್ನ ಶಿಲುಬೆ, ಸಹಿಸಿಕೋ' ಅಂತ ಹೇಳುವವರಿದ್ದಾರೆ. ಅದನ್ನು ದಯವಿಟ್ಟು ನಂಬಬೇಡಿ. ಇನ್ನೊಬ್ಬರು ನಿಮಗೆ ಮಾಡುವ ಹಿಂಸೆ ಶಿಲುಬೆ ಅಲ್ಲ. ಅದರಿಂದ ಹೊರಬರಲು ಸಹಾಯ ಕೇಳುವುದು ಅವಿಶ್ವಾಸವೂ ಅಲ್ಲ.

ಹಾಳೆಯನ್ನು ಸತ್ಯವೇದದೊಳಗೆ ಇಡಿ. ನಾಲ್ಕು ತಿಂಗಳ ನಂತರ ತೆರೆದು ನೋಡಬೇಕಾಗುತ್ತದೆ.

ಕಡಿಮೆ ಓದಿ, ಒಂದೊಂದೇ ಮಾಡಿ

ನಾನು ಹೇಳಬೇಕು ಅಂದುಕೊಂಡದ್ದರಲ್ಲಿ ಮುಕ್ಕಾಲು ಪಾಲು ಈ ಹಂತದಲ್ಲೇ ಇದೆ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಮತ್ತಾಯ 28ರ ಕೊನೆಯಲ್ಲಿ ಯೇಸು ಹೇಳಿದ ಮಾತನ್ನು ನಾವು ಸಾಮಾನ್ಯವಾಗಿ ಅರ್ಧ ನೆನಪಿಟ್ಟುಕೊಂಡಿರುತ್ತೇವೆ. ತಾನು ಆಜ್ಞಾಪಿಸಿದ್ದನ್ನೆಲ್ಲ ಕಲಿಸಿರಿ ಅಂತ ಹೇಳಿ ಆತನು ನಿಲ್ಲಿಸಲಿಲ್ಲ. ಅವನ್ನು ಕಾಪಾಡಿಕೊಳ್ಳಲು, ಅಂದರೆ ನಡೆಸಲು ಕಲಿಸಿರಿ ಅಂದನು. ಮತ್ತಾಯ 5ರಿಂದ 7ರಲ್ಲಿರುವ ಯೇಸುವಿನ ಬೋಧನೆಯಾದ ಪರ್ವತ ಪ್ರಸಂಗದ ಕೊನೆಯಲ್ಲೂ ಅದೇ. ಬಂಡೆಯ ಮೇಲೆ ಮನೆ ಕಟ್ಟಿದವನೂ ಮರಳಿನ ಮೇಲೆ ಕಟ್ಟಿದವನೂ ಇಬ್ಬರೂ ಮಾತು ಕೇಳಿದವರೇ. ಕೇಳಿದಂತೆ ಮಾಡಿದವನು ಒಬ್ಬನೇ.

ನಾವು ಮಾಡುವ ಕ್ರಮ ಹೀಗಿದೆ. ಮಾರ್ಕನ ಸುವಾರ್ತೆಯಿಂದ ಶುರು. 16 ಅಧ್ಯಾಯ, 16 ವಾರ. ದಿನಕ್ಕೊಂದು ಅಧ್ಯಾಯ ಅಲ್ಲ, ವಾರಕ್ಕೊಂದು. ಒಂದೇ ಅಧ್ಯಾಯವನ್ನು ವಾರವಿಡೀ ದಿನಾ ಓದಬೇಕು. ಮೂರನೇ ದಿನಕ್ಕೆ ಬೇಜಾರಾಗುತ್ತದೆ, ನಾಲ್ಕನೇ ದಿನ ಅಲ್ಲಿಯವರೆಗೂ ಕಾಣದ ಏನೋ ಕಾಣುತ್ತದೆ. ಮಾರ್ಕ ಚಿಕ್ಕದು, ಓಡುತ್ತಾ ಹೇಳಿದ ಕಥೆಯ ಹಾಗಿದೆ, 'ಕೂಡಲೆ' ಎನ್ನುವ ಮಾತು ಪದೇ ಪದೇ ಬರುತ್ತದೆ. ಶಿಷ್ಯರು ಎಷ್ಟು ದಡ್ಡರಾಗಿದ್ದರು ಅಂತಲೂ ಮಾರ್ಕ ಮುಚ್ಚಿಡುವುದಿಲ್ಲ. ನಮಗೆ ಅದೊಂದು ಸಮಾಧಾನ.

ಒಂದು ನೋಟ್‌ಬುಕ್ ಬೇಕು. ಚರ್ಮದ ಕವರಿನದ್ದು ಬೇಡ, ಮಕ್ಕಳ ಸ್ಕೂಲ್ ನೋಟ್‌ಬುಕ್ ಸಾಕು. ಎಡಗಡೆ ಆ ವಾರ ನಿಮಗೆ ಚುಚ್ಚಿದ ವಚನ. ಬಲಗಡೆ ಅದಕ್ಕಾಗಿ ನೀವು ಮಾಡುವ ಒಂದೇ ಒಂದು ಕೆಲಸ. ಎರಡಲ್ಲ. ಆ ಕೆಲಸದಲ್ಲಿ ಒಬ್ಬ ಮನುಷ್ಯ ಇರಬೇಕು, ಒಂದು ದಿನ ಗೊತ್ತಾಗಿರಬೇಕು, ವಾರದ ಕೊನೆಗೆ ಮಾಡಿದೆನೋ ಇಲ್ಲವೋ ಅಂತ ಒಂದೇ ಮಾತಿನಲ್ಲಿ ಹೇಳಲು ಬರಬೇಕು.

'ಇನ್ನು ಮೇಲೆ ಎಲ್ಲರನ್ನೂ ಜಾಸ್ತಿ ಪ್ರೀತಿಸುತ್ತೇನೆ' ಅಂತ ಬರೆದರೆ ಅದು ಬರೆಯದೇ ಇದ್ದ ಹಾಗೆ. 'ಬುಧವಾರ ಅತ್ತೆಗೆ ಫೋನ್ ಮಾಡಿ, ಅವರ ಮಂಡಿನೋವಿನ ಕಥೆಯನ್ನು ನಡುವೆ ಬಾಯಿ ಹಾಕದೆ ಹದಿನೈದು ನಿಮಿಷ ಕೇಳುತ್ತೇನೆ.' ಇದು ಸರಿ. ಇದನ್ನು ಬರೆದವರು ನಮ್ಮ ಗುಂಪಿನವರೊಬ್ಬರು. ಮೊದಲ ವಾರ ಆಗಲಿಲ್ಲ, ಆರು ನಿಮಿಷಕ್ಕೇ ಬಾಯಿ ಹಾಕಿದರಂತೆ.

ಇನ್ನು ನಿಯಮ ಒಂದೇ. ಬಲಗಡೆ ಬರೆದದ್ದು ಆಗುವವರೆಗೆ ಮುಂದಿನ ಅಧ್ಯಾಯಕ್ಕೆ ಹೋಗುವಂತಿಲ್ಲ. 16 ವಾರ ಅಂದೆನಲ್ಲ, ನನಗೆ ಹಿಡಿದದ್ದು ಏಳು ತಿಂಗಳು.

ಮಾರ್ಕ ಮುಗಿದ ಮೇಲೆ ಮತ್ತಾಯ 5ರಿಂದ 7. ಮೂರೇ ಅಧ್ಯಾಯ, ಆದರೆ ಇದನ್ನು ಹೊತ್ತುಕೊಂಡು ನಡೆಯುವುದು ಕಷ್ಟ. ನಾವು 5ನೇ ಅಧ್ಯಾಯದಲ್ಲಿದ್ದಾಗಲೇ ನನ್ನ ಬಣ್ಣ ಬಯಲಾಗಿದ್ದು. 23 ಮತ್ತು 24ನೇ ವಚನ. ಕಾಣಿಕೆ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಅಂತ ಇದೆ. ನಾನು ಅದರ ಬಗ್ಗೆ ಚೆನ್ನಾಗಿ ವಿವರಿಸುತ್ತಿದ್ದೆ. ಬಲಿಪೀಠ, ಯೆರೂಸಲೇಮು, ಗಲಿಲಾಯದಿಂದ ಅಲ್ಲಿಗೆ ಎಷ್ಟು ದಿನದ ನಡಿಗೆ, ಎಲ್ಲ. ನಮ್ಮ ಗುಂಪಿನಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ, ವಯಸ್ಸಾದ ಅಮ್ಮ. ಕನ್ನಡಕ ಒರೆಸುತ್ತಾ ಕೇಳಿದರು: 'ಅದೆಲ್ಲ ಇರಲಿ ಕಣಪ್ಪಾ, ನೀನು ತಮ್ಮನ ಮನೆಗೆ ಹೋಗಿದ್ಯಾ?'

ಸೋಮವಾರ ಸಂಜೆ ಹೋದೆ. ಅಪ್ಪಿಕೊಂಡು ಅತ್ತೆವು ಅಂತೆಲ್ಲ ನಾನು ಬರೆಯುವುದಿಲ್ಲ, ಹಾಗೇನೂ ಆಗಲಿಲ್ಲ. ನಾದಿನಿ ಟೀ ಕೊಟ್ಟಳು. ಅವನು ಟಿವಿ ಆಫ್ ಮಾಡಲಿಲ್ಲ. 'ನಾನು ಮಾತಾಡಿದ ರೀತಿ ತಪ್ಪು, ಗೋಡೆ ವಿಷಯವನ್ನು ಮತ್ತೆ ಕೂತು ಅಳೆಯೋಣ' ಅಂದೆ. 'ನೋಡೋಣ' ಅಂದ. ಅಳೆಯಲು ಎಂಟು ತಿಂಗಳು ಹಿಡಿಯಿತು. ಎರಡು ಅಡಿಯಲ್ಲಿ ಒಂದೂವರೆ ಅಡಿ ನಿಜಕ್ಕೂ ಅವನದೇ ಆಗಿತ್ತು.

ಪ್ರಾರ್ಥನೆಗೆ ಒಂದು ಜಾಗ ಗೊತ್ತು ಮಾಡಿ

ಮಾರ್ಕ 1:35ರಲ್ಲಿ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಹೊರಗೆ ಹೋಗಿ ಪ್ರಾರ್ಥಿಸಿದನು. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲ ಮುಂದೆ ನಿಂತಿತ್ತು. ಕೆಲಸ ಜಾಸ್ತಿ ಆದ ದಿನವೇ ಆತನು ಬೇಗ ಎದ್ದದ್ದು.

ಬೆಂಗಳೂರಿನ ಒಂದು ಬೆಡ್‌ರೂಮ್ ಮನೆಯಲ್ಲಿ ಐದು ಜನ ಇರುವವರಿಗೆ 'ಏಕಾಂತ ಸ್ಥಳ' ಅಂತ ಹೇಳಿದರೆ ನಗು ಬರುತ್ತದೆ. ಪರವಾಗಿಲ್ಲ. ಮೆಟ್ರೋದಲ್ಲಿ ಕೂತ ಇಪ್ಪತ್ತು ನಿಮಿಷ, ಅಕ್ಕಿ ಬೇಯುವ ಹೊತ್ತು, ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವ ಮುಂಚಿನ ಐದು ನಿಮಿಷ. ಒಂದೇ ಜಾಗ, ಒಂದೇ ಹೊತ್ತು ಆದರೆ ರೂಢಿ ಬೇಗ ಬರುತ್ತದೆ.

ಮಾತು ಬರದಿದ್ದರೆ ಯೇಸು ಶಿಷ್ಯರಿಗೆ ಕಲಿಸಿದ ಪರಲೋಕದ ಪ್ರಾರ್ಥನೆಯನ್ನೇ ನಿಧಾನವಾಗಿ ಹೇಳಿ, ಒಂದೊಂದು ಸಾಲಿಗೂ ನಿಲ್ಲಿ. ಅನುದಿನದ ಆಹಾರ ಅನ್ನುವಾಗ ಈ ತಿಂಗಳ ಬಾಡಿಗೆ ನೆನಪಾದರೆ ಅದನ್ನೇ ಹೇಳಿ. ನಮಗೆ ತಪ್ಪು ಮಾಡಿದವರನ್ನು ಕ್ಷಮಿಸಿದಂತೆ ಅನ್ನುವಾಗ ಒಂದು ಮುಖ ಕಣ್ಣ ಮುಂದೆ ಬರುತ್ತದೆ. ಆ ಮುಖವನ್ನು ತಳ್ಳಬೇಡಿ. ಕೀರ್ತನೆಗಳು 150 ಇವೆ, ಅವುಗಳಲ್ಲಿ ಎಷ್ಟೋ ದೇವರ ಮೇಲೆ ದೂರು ಹೇಳುವಂಥವು. ದುಃಖದಲ್ಲಿರುವಾಗ ಸ್ತೋತ್ರ ಸ್ತೋತ್ರ ಅಂತ ಬಲವಂತವಾಗಿ ಹೇಳುವ ಬದಲು 13ನೇ ಕೀರ್ತನೆಯನ್ನು ಓದಿ. 'ಎಷ್ಟರವರೆಗೆ' ಅಂತ ನಾಲ್ಕು ಸಲ ಕೇಳುತ್ತದೆ.

ಸಂಜೆ ಕುಟುಂಬ ಪ್ರಾರ್ಥನೆ, ಕಥೋಲಿಕ ಮನೆಗಳಲ್ಲಿ ಜಪಸರ, ಇವು ನಮ್ಮ ಹಿರಿಯರು ಬಿಟ್ಟುಹೋದ ಆಸ್ತಿ. ಮಕ್ಕಳು ತೂಕಡಿಸುತ್ತಾರೆ, ತೂಕಡಿಸಲಿ. ಹತ್ತು ನಿಮಿಷಕ್ಕಿಂತ ಉದ್ದ ಮಾಡಬೇಡಿ.

ಉಪವಾಸದ ಬಗ್ಗೆ ಒಂದೇ ಮಾತು. ಬೂದಿ ಬುಧವಾರದಿಂದ ಶುರುವಾಗುವ ಲೆಂಟ್ ದಿನಗಳಲ್ಲಿ, ಅಂದರೆ ಕಥೋಲಿಕರ ತಪಸ್ಸುಕಾಲದಲ್ಲಿ, ಮಾಂಸ ಬಿಟ್ಟು ಅದೇ ದುಡ್ಡಿಗೆ ಪನೀರ್ ಬಿರಿಯಾನಿ ತರಿಸಿಕೊಂಡರೆ ಊಟ ಬದಲಾಯಿತು ಅಷ್ಟೇ. ಯೆಶಾಯ 58 ಓದಿ. ಅಲ್ಲಿ ಉಪವಾಸ ಅಂದರೆ ಹಸಿದವರಿಗೆ ಅನ್ನ ಹಂಚುವುದು. ಉಳಿದ ದುಡ್ಡು ಯಾರ ತಟ್ಟೆಗೆ ಹೋಯಿತು ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ದುಡ್ಡು, ಕೆಲಸ

ದಶಮಾಂಶ, ಅಂದರೆ ದೇವರಿಗೆ ಕೊಡುವ ಹತ್ತರಲ್ಲೊಂದು ಪಾಲು, ಲೆಕ್ಕ ಹಾಕುವುದು ಪೂರ್ತಿ ಸಂಬಳಕ್ಕೋ, ಪಿಎಫ್ ಕಳೆದು ಕೈಗೆ ಬರುವುದಕ್ಕೋ ಅಂತ ನಮ್ಮಲ್ಲಿ ಗಂಟೆಗಟ್ಟಲೆ ಚರ್ಚೆ ಆಗಿದೆ. ಮತ್ತಾಯ 23:23 ಓದಿದ ಮೇಲೆ ಆ ಚರ್ಚೆ ನಿಂತಿತು. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಕೊಟ್ಟು ನ್ಯಾಯ, ಕರುಣೆ, ನಂಬಿಕೆಯನ್ನು ಬಿಟ್ಟವರಿಗೆ ಯೇಸು ಅಲ್ಲಿ ಬೈಯುತ್ತಾನೆ. ಕೊಡುವುದನ್ನು ಬಿಡಿ ಅಂತ ಆತನು ಹೇಳಲಿಲ್ಲ, ಅದನ್ನೂ ನೆನಪಿಡಿ.

ಎಷ್ಟು ಕೊಡಬೇಕು? ಸುವಾರ್ತೆಗಳಲ್ಲಿ ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಒಬ್ಬ ಐಶ್ವರ್ಯವಂತನಿಗೆ ಎಲ್ಲವನ್ನೂ ಮಾರು ಅಂದನು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಅಂತ ತಾನಾಗಿಯೇ ಹೇಳಿದ. ಲೂಕ 8ರ ಹೆಂಗಸರು ತಮ್ಮ ಆಸ್ತಿ ಇಟ್ಟುಕೊಂಡೇ ಅದರಿಂದ ಆತನ ಗುಂಪನ್ನು ಸಾಕಿದರು. ನನಗೆ ಜಕ್ಕಾಯನ ಮಾತು ಇಷ್ಟ, ಯಾಕೆಂದರೆ ಅವನು ಕಾಣಿಕೆಯ ಜೊತೆಗೆ ಹಳೇ ಲೆಕ್ಕವನ್ನೂ ಬಗೆಹರಿಸಿದ. ನೀವು ಮಾಡಬೇಕಾದದ್ದೂ ಆ ಕ್ರಮದಲ್ಲೇ. ಕೈಸಾಲ ಪಡೆದು ಮರೆತದ್ದು, ಮನೆಗೆಲಸದವಳಿಗೆ ರಜಾ ಹಾಕಿದ್ದಕ್ಕೆ ಕಟ್ ಮಾಡಿದ ದುಡ್ಡು, ಮೇಸ್ತ್ರಿಗೆ ಕೊಡದೆ ಉಳಿಸಿಕೊಂಡ ಕೊನೆಯ ಕಂತು, ಇವನ್ನು ಮೊದಲು ತೀರಿಸಿ. ಯಾಕೋಬ 5:4ರಲ್ಲಿ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಅಂತ ಇದೆ. ಆ ಕೂಗು ಇರುವಾಗ ಕಾಣಿಕೆ ಚೀಲಕ್ಕೆ ಹಾಕಿದ ನೋಟಿಗೆ ಏನು ಅರ್ಥ?

ಕೆಲಸಕ್ಕೂ ನಂಬಿಕೆಗೂ ಇರುವ ನಂಟು ಕರಾವಳಿಯ ಕ್ರೈಸ್ತರಿಗೆ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ದೀಕ್ಷಾಸ್ನಾನ ಪಡೆದವರು ಜಾತಿಯಿಂದ, ಮನೆಯಿಂದ ಹೊರಬಿದ್ದು ಕಸುಬು ಕಳೆದುಕೊಂಡಾಗ ಬರೀ ಪ್ರಾರ್ಥನೆಯಿಂದ ಹೊಟ್ಟೆ ತುಂಬುವುದಿಲ್ಲ ಅಂತ ಮಿಷನ್ನಿಗೆ ಗೊತ್ತಾಯಿತು. ನೇಯ್ಗೆ ಬಂತು, ಮುದ್ರಣ ಬಂತು, 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ ಹೆಂಚಿನ ಕಾರ್ಖಾನೆ ಶುರು ಮಾಡಿದ. ಮಂಗಳೂರು ಹೆಂಚಿನ ಮನೆಯಲ್ಲಿ ಮಲಗಿದವರಿಗೆಲ್ಲ ಆ ಕಥೆಯ ನೆರಳು ಬಿದ್ದಿದೆ. ಶಿಷ್ಯತ್ವದ ಖರ್ಚನ್ನು ಒಬ್ಬನೇ ಹೊರದಂತೆ ಸಭೆ ಹೇಗೆ ಹೆಗಲು ಕೊಡಬಹುದು ಅನ್ನುವುದಕ್ಕೆ ನಾನು ಇದನ್ನೇ ಹೇಳುತ್ತೇನೆ.

ಜಾತಿ, ವರದಕ್ಷಿಣೆ: ನಾವು ಹಾರಿಸುವ ಪುಟ

ಗಲಾತ್ಯ 3:28 ನಮ್ಮ ಎಷ್ಟೋ ಸಭೆಗಳಲ್ಲಿ ಚೆನ್ನಾಗಿ ಓದುತ್ತಾರೆ. ಯೆಹೂದ್ಯ ಗ್ರೀಕ ಅಂತಿಲ್ಲ, ಆಳು ಒಡೆಯ ಅಂತಿಲ್ಲ, ಗಂಡು ಹೆಣ್ಣು ಅಂತಿಲ್ಲ. ಮದುವೆ ಮಾತುಕತೆಗೆ ಕೂತಾಗ ಮಾತ್ರ 'ಅವರು ಮೊದಲು ಯಾವ ಜನ?' ಅಂತ ಮೆಲ್ಲಗೆ ಕೇಳುತ್ತೇವೆ, ಅಲ್ವಾ? ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದ ಕಾನೂನಿಗೆ ವಿರುದ್ಧ. ನಮ್ಮಲ್ಲಿ ಅದು ಹೆಸರು ಬದಲಿಸಿಕೊಂಡು ನಡೆಯುತ್ತದೆ.

ಇಲ್ಲಿ ಹಂತ ಗಿಂತ ಏನಿಲ್ಲ. ನಿಮ್ಮ ಮನೆಯಲ್ಲಿ ಮದುವೆ ವಯಸ್ಸಿನವರಿದ್ದರೆ, ಸಂಬಂಧ ಹುಡುಕುವ ಮೊದಲೇ, ಬಯೋಡೇಟಾ ಕಳಿಸುವ ಮೊದಲೇ, ಈ ಎರಡರ ಬಗ್ಗೆ ನಿಮ್ಮ ನಿಲುವು ಏನು ಅಂತ ಮನೆಯವರೆಲ್ಲ ಕೂತು ತೀರ್ಮಾನ ಮಾಡಿ. ಒಳ್ಳೆಯ ಸಂಬಂಧ ಎದುರಿಗೆ ಬಂದ ಮೇಲೆ ತೀರ್ಮಾನ ಮಾಡಲು ಯಾರಿಗೂ ಧೈರ್ಯ ಬರುವುದಿಲ್ಲ.

ಸಭೆಯಲ್ಲಿ ಉಳಿಯಿರಿ, ಜಗಳ ಆಡುವುದನ್ನೂ ಕಲಿಯಿರಿ

ಅಪೊಸ್ತಲರ ಕೃತ್ಯಗಳು 2:42ರಲ್ಲಿ ಮೊದಲ ಸಭೆಯವರು ನಾಲ್ಕನ್ನು ಬಿಡದೆ ಮಾಡುತ್ತಿದ್ದರು ಅಂತ ಇದೆ: ಅಪೊಸ್ತಲರ ಬೋಧನೆ, ಸಹವಾಸ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಯೂಟ್ಯೂಬಿನಲ್ಲಿ ಸಂದೇಶ ಕೇಳಿದರೆ ಮೊದಲನೆಯದು ಸಿಗಬಹುದು. ಉಳಿದ ಮೂರು ಸಿಗುವುದಿಲ್ಲ. ದುಬೈಯಲ್ಲೋ ಪುಣೆಯಲ್ಲೋ ಇದ್ದು ಹತ್ತಿರ ಕನ್ನಡ ಸಭೆ ಸಿಗದವರು ಇನ್ನೆರಡು ಕುಟುಂಬ ಹುಡುಕಿ ಮನೆಯಲ್ಲಿ ಸೇರಿ.

ಸಭೆ ಅಂದಮೇಲೆ ಜಗಳ ಇದ್ದೇ ಇರುತ್ತದೆ. ಕಮಿಟಿ ಚುನಾವಣೆ, ಕ್ವಾಯರ್, ಸಮಾಧಿ ಜಾಗ. ಮತ್ತಾಯ 18:15ರಿಂದ 17 ಇದಕ್ಕೆ ಕ್ರಮ ಹೇಳುತ್ತದೆ. ತಪ್ಪು ಮಾಡಿದವನ ಹತ್ತಿರ ಮೊದಲು ನೀನೊಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಆಗದಿದ್ದರೆ ಸಭೆಗೆ ಹೇಳು. ನಾವು ಉಲ್ಟಾ. ಮೊದಲು ವಾಟ್ಸಾಪ್ ಗ್ರೂಪು, ಆಮೇಲೆ ಒಬ್ಬಿಬ್ಬರ ಹತ್ತಿರ ಪಿಸುಮಾತು, ಆ ಮನುಷ್ಯನ ಹತ್ತಿರ ಮಾತ್ರ ಕೊನೆಗೂ ಹೋಗುವುದಿಲ್ಲ. ಒಂದು ಎಚ್ಚರಿಕೆ: ಮಕ್ಕಳಿಗೆ ಅಥವಾ ಹೆಂಗಸರಿಗೆ ಯಾರಾದರೂ ಕೈಮಾಡಿದ್ದರೆ, ಹಿಂಸೆ ಕೊಟ್ಟಿದ್ದರೆ, ಈ ಕ್ರಮ ಅಲ್ಲ. ನೇರ ಪೊಲೀಸರಿಗೆ ಹೇಳಬೇಕು.

ಸೇವೆ ಮತ್ತು ಸಾಕ್ಷಿ

1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಹೋಮಿಯೋಪತಿ ಔಷಧ ಕೊಡುವ ಚಿಕ್ಕ ಕೆಲಸ ಶುರು ಮಾಡಿದರು. ಹತ್ತು ವರ್ಷಕ್ಕೆ ಕುಷ್ಠರೋಗಿಗಳಿಗೆ ಆಸ್ಪತ್ರೆ ಆಯಿತು, ಈಗ ಅಲ್ಲಿ ವೈದ್ಯಕೀಯ ಕಾಲೇಜೇ ಇದೆ. ಶುರುವಾಗಿದ್ದು ಕೈಯಲ್ಲಿದ್ದ ಔಷಧದಿಂದ. ನಿಮ್ಮ ಕೈಯಲ್ಲಿ ಏನಿದೆ? ಪಕ್ಕದ ಮನೆ ಹುಡುಗಿಗೆ ಗಣಿತ ಹೇಳಿಕೊಡಬಹುದು, ಆಸ್ಪತ್ರೆಯಲ್ಲಿ ಒಬ್ಬರೇ ಇರುವವರ ಹತ್ತಿರ ಒಂದು ರಾತ್ರಿ ಕೂರಬಹುದು. ಫೋಟೋ ತೆಗೆಯಬೇಡಿ. ಎಡಗೈಗೆ ಗೊತ್ತಾಗಬಾರದು ಅಂದದ್ದು ಫೋನಿಗೂ ಸೇರಿಸಿಯೇ ಇರಬೇಕು.

ಸಾಕ್ಷಿ ಹೇಳುವ ಬಗ್ಗೆ 1 ಪೇತ್ರ 3:15 ನನಗೆ ಸಾಕು. ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳಿದವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ. ಕೇಳುವ ಹಾಗೆ ಬದುಕಿದರೆ ಕೇಳುತ್ತಾರೆ. ಹಿಂದೂ ಗೆಳೆಯನ ಮನೆಯ ಹಬ್ಬದ ಊಟಕ್ಕೆ ಕೂತು ಅವರ ದೇವರನ್ನು ಹಳಿಯುವುದು ಸಾಕ್ಷಿ ಅಲ್ಲ, ಅನ್ನ ಕೊಟ್ಟ ಮನೆಗೆ ಅವಮಾನ. ಕಷ್ಟದಲ್ಲಿರುವವರಿಗೆ ಸಹಾಯ ಮಾಡಿ ಅದಕ್ಕೆ ಬದಲಾಗಿ ನಂಬಿಕೆ ಕೇಳುವುದೂ ತಪ್ಪು. ಯೇಸು ಹತ್ತು ಕುಷ್ಠರೋಗಿಗಳನ್ನು ವಾಸಿ ಮಾಡಿದನು, ತಿರುಗಿ ಬಂದದ್ದು ಒಬ್ಬನೇ. ಉಳಿದ ಒಂಬತ್ತು ಮಂದಿಯ ರೋಗ ವಾಪಸು ಬಂತು ಅಂತ ಎಲ್ಲೂ ಬರೆದಿಲ್ಲ.

ಬಿದ್ದಾಗ

ಬೀಳುತ್ತೀರಿ. ಮೂರು ವಾರ ನೋಟ್‌ಬುಕ್ ತೆರೆಯದೇ ಇರುತ್ತೀರಿ. ಆಗ ಹೊಸ ನೋಟ್‌ಬುಕ್ ಕೊಳ್ಳಬೇಡಿ, ಅದು ನನ್ನ ಹಳೇ ಚಟ. ನಿಲ್ಲಿಸಿದ ಪುಟಕ್ಕೇ ಹೋಗಿ. ಯೇಸು ಯಾರೋ ಗೊತ್ತಿಲ್ಲ ಅಂತ ಮೂರು ಸಲ ಹೇಳಿದ ಶಿಷ್ಯ ಪೇತ್ರನಿಗೆ ಅದೇ ಯೇಸು ಕೆರೆಯ ದಡದಲ್ಲಿ ಬೆಂಕಿ ಹಾಕಿ ಮೀನು ಸುಟ್ಟು ಮೊದಲು ತಿಂಡಿ ಕೊಟ್ಟನು, ಪ್ರಶ್ನೆ ಕೇಳಿದ್ದು ಆಮೇಲೆ. ದಣಿವಿನಿಂದ ಬಿದ್ದಿದ್ದರೆ ನಿದ್ದೆ ಮಾಡಿ. ಮಾರ್ಕ 6:31ರಲ್ಲಿ ಸ್ವಲ್ಪ ದಣಿವಾರಿಸಿಕೊಳ್ಳಿ ಅಂತ ಆತನೇ ಹೇಳಿದ್ದಾನೆ.

ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ

ಒಂದು ಸುವಾರ್ತೆ ಹೀಗೆ ಮುಗಿದ ಮೇಲೆ ಇನ್ನೊಬ್ಬರ ಜೊತೆ ಮತ್ತೆ ಮಾರ್ಕ 1ರಿಂದ ಶುರು ಮಾಡಿ. ನೀವು ಗುರು ಅಲ್ಲ, ಒಂದು ಅಧ್ಯಾಯ ಮುಂದಿರುವವರು ಅಷ್ಟೇ. ವಾರಕ್ಕೆ ಒಂದು ಗಂಟೆ, ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಆದರೂ ಸರಿ. ಮೊದಲ ಹತ್ತು ನಿಮಿಷ ಹೋದ ವಾರದ ಬಲಗಡೆಯ ಸಾಲು. ಅದನ್ನು ಇಬ್ಬರೂ ಹೇಳಬೇಕು, ಅವರೊಬ್ಬರೇ ಅಲ್ಲ.

ನನ್ನ ಜೊತೆ ಈಗ ಇಪ್ಪತ್ತಮೂರು ವರ್ಷದ ಒಬ್ಬ ಹುಡುಗ ಇದ್ದಾನೆ. ಡೆಲಿವರಿ ಕೆಲಸ, ಗುರುವಾರ ರಾತ್ರಿ ಒಂಬತ್ತಕ್ಕೆ ಬರುತ್ತಾನೆ. ಹೋದ ವಾರ ನಾವು ಮಾರ್ಕ 10ಕ್ಕೆ ಬಂದಿರಬೇಕಿತ್ತು. ಬ್ಯಾಗ್ ಕೆಳಗಿಟ್ಟು ಕೂತವನೇ ಕೇಳಿದ: 'ಅಣ್ಣಾ, ಆಫೀಸಿನ ಆ ಕ್ಲರ್ಕ್ ಹತ್ತಿರ ಹೋಗಿ ಸಾರಿ ಕೇಳ್ತೀನಿ ಅಂತ ಬರೆದಿದ್ರಲ್ಲ, ಕೇಳಿದ್ರಾ?'

ಕೇಳಿರಲಿಲ್ಲ. 9ನೇ ಅಧ್ಯಾಯವನ್ನೇ ಮತ್ತೆ ಓದಿದೆವು.